ಅಳಿಸೋದಕ್ಕಿಂತ ಉಳಿಸೋದು ಸುಲಭ: ಮ್ಯಾಟ್ರಿಕ್ಸ್‌ನಲ್ಲಿ ರೋ, ಕಾಲಂ ತೆಗೆಯುವ, ಸೇರಿಸುವ ವಿಚಾರ

ಎಕ್ಸೆಲ್‌ನಲ್ಲಿ ಒಂದು ರೋ ಬೇಡ ಅಂದರೆ ರೈಟ್ ಕ್ಲಿಕ್, ಡಿಲೀಟ್, ಮುಗೀತು. ನಡುವೆ ಒಂದು ರೋ ಬೇಕು ಅಂದರೆ ರೈಟ್ ಕ್ಲಿಕ್, ಇನ್ಸರ್ಟ್. ಕೆಳಗಿನ ಸಾಲುಗಳೆಲ್ಲ ತಾವಾಗಿಯೇ ಸರಿದು ಜಾಗ ಬಿಡ್ತವೆ. ಇದನ್ನೇ ನೋಡಿ ಬೆಳೆದ ನಾವು ಮ್ಯಾಟ್‌ಲ್ಯಾಬ್‌ಗೋ ಪೈಥಾನ್‌ಗೋ ಬಂದಾಗ ಅಲ್ಲಿನ ಮ್ಯಾಟ್ರಿಕ್ಸ್ ಕೂಡ ಹೀಗೇ ಒಂದು ಟೇಬಲ್, ಎಳೆದರೆ ರೋ ಕಿತ್ತು ಬರುತ್ತೆ, ತುರುಕಿದರೆ ಒಳಗೆ ಹೋಗುತ್ತೆ ಅಂದುಕೊಳ್ತೀವಿ. ಪ್ರೋಗ್ರಾಂ ಓಡುತ್ತೆ, ಉತ್ತರವೂ ಬರುತ್ತೆ. ಆ ಉತ್ತರ ಸರಿಯಾ ಅನ್ನೋದು ಬೇರೆ ಪ್ರಶ್ನೆ. ಈ ಲೇಖನದಲ್ಲಿ ಮುಂದೆ ಎರಡು ಸ್ಪ್ರಿಂಗ್‌ಗಳ ಒಂದು ಲೆಕ್ಕ ಬರುತ್ತೆ. ಅದರಲ್ಲಿ ತಪ್ಪು ರೋ ತೆಗೆದರೆ 0.15 ಮೀಟರ್ ಬರಬೇಕಾದ ಕಡೆ 0.05 ಮೀಟರ್ ಬರುತ್ತೆ, ಸ್ಕ್ರೀನ್ ಮೇಲೆ ಒಂದೇ ಒಂದು ಕೆಂಪು ಅಕ್ಷರವೂ ಕಾಣಲ್ಲ. ಅಲ್ಲಿಗೆ ಹೋಗೋ ಮುಂಚೆ ಮ್ಯಾಟ್ರಿಕ್ಸ್ ಒಳಗಡೆ ಏನಾಗುತ್ತೆ ಅಂತ ಸ್ವಲ್ಪ ನೋಡೋಣ.

ಮೊದಲು ಎರಡು ಮಾತು ಭಾಷೆ ಬಗ್ಗೆ. ಕನ್ನಡ ಪುಸ್ತಕಗಳಲ್ಲಿ ರೋಗೆ ಅಡ್ಡಸಾಲು, ಕಾಲಂಗೆ ಕಂಬಸಾಲು ಅಂತಾರೆ. ಕಂಬಸಾಲು ಅನ್ನೋ ಪದ ನಮಗಂತೂ ತುಂಬಾ ಇಷ್ಟವಾಯ್ತು, ದೇವಸ್ಥಾನದ ಪ್ರಾಂಗಣವೇ ಕಣ್ಣ ಮುಂದೆ ಬರುತ್ತೆ. ಆದರೂ ಲ್ಯಾಬ್‌ನಲ್ಲಿ ನಾವೆಲ್ಲ ಆಡೋದು ರೋ, ಕಾಲಂ ಅಂತಲೇ, ಹಾಗಾಗಿ ಇಲ್ಲೂ ಅದೇ ಇರಲಿ. ಇನ್ನೊಂದು, ಕೋಡನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೀವಿ. ಡಿಲೀಟ್, ಇನ್ಸರ್ಟ್ ಇಂಥ ಫಂಕ್ಷನ್ ಹೆಸರುಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್‌ಗೆ ತಿರುಗಿಸಿಕೊಳ್ಳಿ. ವೇರಿಯಬಲ್ ಹೆಸರುಗಳನ್ನು ಮಾತ್ರ ಹಾಗೇ ಬಿಡಬಹುದು, ಯಾಕಂದ್ರೆ ಪೈಥಾನ್ 3 ಮತ್ತು ಜೂಲಿಯಾ ಎರಡೂ ಕನ್ನಡದ ವೇರಿಯಬಲ್ ಹೆಸರನ್ನು ಒಪ್ಪಿಕೊಳ್ತವೆ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಸರಿ, ವಿಷಯಕ್ಕೆ ಬರೋಣ. ನಮ್ಮ ಕಣ್ಣಿಗೆ ಮ್ಯಾಟ್ರಿಕ್ಸ್ ಒಂದು ಚೌಕ, ಕಂಪ್ಯೂಟರ್‌ನ ಮೆಮೊರಿಗೆ ಅದು ಒಂದೇ ಉದ್ದ ಸಾಲು. ಮದುವೆ ಮನೆಯ ಪಂಕ್ತಿ ಊಟ ನೆನಪಿಸಿಕೊಳ್ಳಿ. ಎಲೆ ಹಾಕಿ ಆಗಿದೆ, ಎಲ್ಲರೂ ಭುಜಕ್ಕೆ ಭುಜ ತಾಗಿಸಿ ಕೂತಿದ್ದಾರೆ. ನಡುವೆ ಇನ್ನೊಬ್ಬರನ್ನು ಕೂರಿಸಬೇಕು ಅಂದರೆ ಅವರ ಆಚೆ ಕೂತವರೆಲ್ಲ ಎಲೆ ಸಮೇತ ಎದ್ದು ಒಂದೊಂದು ಜಾಗ ಸರೀಬೇಕು. ಸಾಲಿನ ಕೊನೆಗೆ ಗೋಡೆ ಬಂದರೆ ಪೂರ್ತಿ ಪಂಕ್ತಿಯನ್ನೇ ದೊಡ್ಡ ಹಾಲ್‌ಗೆ ಸಾಗಿಸಬೇಕು. ಅರೇಗಳ ಕಥೆಯೂ ಇದೇ. ಹಳೇ ಜಾಗದಲ್ಲಿ ರೋ ಸೇರಿಸೋಕೆ ಆಗಲ್ಲ ಅಂತ ಭಾಷೆ ಒಂದು ಹೊಸ ಹಾಲ್ ಹಿಡಿದು, ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ, ಹೊಸಬರನ್ನು ನಡುವೆ ಕೂರಿಸುತ್ತೆ.

ಆ ಒಂದೇ ಸಾಲಿನಲ್ಲಿ ಯಾರ ಪಕ್ಕ ಯಾರು ಕೂರ್ತಾರೆ ಅನ್ನೋದು ಭಾಷೆಯಿಂದ ಭಾಷೆಗೆ ಬೇರೆ. ಈ ಪುಟ್ಟ ಮ್ಯಾಟ್ರಿಕ್ಸ್ ತಗೊಳ್ಳಿ:

1 2 3
4 5 6

ಸಿ ಮತ್ತು ನಂಪೈ ಇದನ್ನು ರೋ ಪ್ರಕಾರ ಇಡ್ತವೆ: 1 2 3 4 5 6. ಫೋರ್ಟ್ರಾನ್, ಮ್ಯಾಟ್‌ಲ್ಯಾಬ್, ಆರ್, ಜೂಲಿಯಾ ಕಾಲಂ ಪ್ರಕಾರ ಇಡ್ತವೆ: 1 4 2 5 3 6. ಈಗ ಕೊನೆಗೆ 7, 8 ಅನ್ನೋ ಒಂದು ಕಾಲಂ ಸೇರಿಸಿ. ಮ್ಯಾಟ್‌ಲ್ಯಾಬ್‌ನ ಸಾಲು 1 4 2 5 3 6 7 8 ಆಗುತ್ತೆ, ಹಳೇ ಆರು ಜನರ ಕ್ರಮ ಒಂದಿಷ್ಟೂ ಬದಲಾಗಲಿಲ್ಲ. ನಂಪೈಯಲ್ಲಿ ಮಾತ್ರ 1 2 3 7 4 5 6 8 ಆಗಬೇಕು, ಅಂದರೆ ಹೊಸಬರು ಹಳಬರ ನಡುವೆ ನುಗ್ಗಿ ಕೂರಬೇಕು. ಕಾಲಂ ಬದಲು 7, 8, 9 ಅನ್ನೋ ರೋ ಸೇರಿಸಿದರೆ ಪರಿಸ್ಥಿತಿ ಉಲ್ಟಾ. ನಂಪೈಗೆ ಅದು ಕೊನೆಗೆ ಬರುತ್ತೆ, ಮ್ಯಾಟ್‌ಲ್ಯಾಬ್‌ಗೆ 1 4 7 2 5 8 3 6 9 ಅಂತ ಎಲ್ಲರನ್ನೂ ಎಬ್ಬಿಸಬೇಕಾಗುತ್ತೆ.

ಮ್ಯಾಟ್‌ಲ್ಯಾಬ್ ಫೋರ್ಟ್ರಾನ್ ದಾರಿ ಹಿಡಿದಿದ್ದಕ್ಕೆ ಕಾರಣ ಇದೆ. 1970ರ ದಶಕದ ಕೊನೆಗೆ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ಕ್ಲೀವ್ ಮೋಲರ್ ಅನ್ನೋ ಗಣಿತದ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳು ಫೋರ್ಟ್ರಾನ್ ಬರೆಯದೇನೇ ಲಿನ್‌ಪ್ಯಾಕ್, ಐಸ್‌ಪ್ಯಾಕ್ ಲೈಬ್ರರಿಗಳನ್ನು ಬಳಸಲಿ ಅಂತ ಅದನ್ನು ಬರೆದರು. ಬರೆದದ್ದು ಫೋರ್ಟ್ರಾನ್‌ನಲ್ಲೇ. ಮ್ಯಾಥ್‌ವರ್ಕ್ಸ್ ಕಂಪನಿ ಶುರುವಾಗಿದ್ದು ಆಮೇಲೆ, 1984ರಲ್ಲಿ.

ಈಗ ಒಂದೊಂದು ಭಾಷೆಯಲ್ಲಿ ಇದನ್ನು ಹೇಗೆ ಬರೀತಾರೆ ನೋಡೋಣ. ಮ್ಯಾಟ್‌ಲ್ಯಾಬ್‌ನಲ್ಲಿ, ಅದರ ಉಚಿತ ತಮ್ಮ ಆಕ್ಟೇವ್‌ನಲ್ಲೂ, ಎರಡನೇ ರೋ ತೆಗೆಯೋಕೆ

ಎ(2, :) = [ ]

ಅಂತ ಬರೆದರೆ ಸಾಕು. ಕಾಲಂ ಆದರೆ ಎ(:, 2) = [ ]. ಏನೂ ಇಲ್ಲದ ಖಾಲಿ ಆವರಣವನ್ನು ಆ ಜಾಗಕ್ಕೆ ಕೊಟ್ಟರೆ ಆ ಜಾಗವೇ ಇಲ್ಲವಾಗುತ್ತೆ. ಎ(2, 3) = [ ] ಅಂತ ಒಂದೇ ಒಂದು ಮನೆ ತೆಗೆಯೋಕೆ ಹೋದರೆ ಎರರ್ ಬರುತ್ತೆ, ಬರಲೇಬೇಕು, ಚೌಕದ ನಡುವೆ ತೂತು ಬಿಡೋಕೆ ಆಗಲ್ಲವಲ್ಲ. ಆದರೆ ಎ(5) = [ ] ಅಂತ ಒಂದೇ ನಂಬರ್ ಕೊಟ್ಟರೆ ಎರರ್ ಬರಲ್ಲ! ಮ್ಯಾಟ್ರಿಕ್ಸನ್ನೇ ಬಿಡಿಸಿ, ಐದನೆಯದನ್ನು ತೆಗೆದು, ಉಳಿದದ್ದನ್ನು ಒಂದೇ ರೋ ಮಾಡಿ ಕೈಗೆ ಕೊಡುತ್ತೆ. ಪಂಕ್ತಿಯ ನಿಜರೂಪ ಹೊರಗೆ ಬಂತು ನೋಡಿ.

ಸೇರಿಸೋಕೆ ಅಲ್ಲಿ ಬೇರೆ ಕಮಾಂಡ್ ಬೇಕಾಗಿಲ್ಲ, ಹೊಲಿಗೆ ಹಾಕಿದರೆ ಆಯ್ತು: ಎ = [ಎ(1:2, :); ಹೊಸದು; ಎ(3:ಎಂಡ್, :)]. ಮೇಲಿನ ತುಂಡು, ಹೊಸ ರೋ, ಕೆಳಗಿನ ತುಂಡು, ಅಷ್ಟೇ. ಇನ್ನೊಂದು ಸುಲಭದ ದಾರಿಯೂ ಇದೆ, ಅದನ್ನು ಕಂಡರೆ ನಮಗೆ ಸ್ವಲ್ಪ ಭಯ. ನಾಲ್ಕೇ ರೋ ಇರೋ ಎ ಗೆ ಎ(10, :) = ಹೊಸದು ಅಂತ ಬರೆದರೆ ಮ್ಯಾಟ್‌ಲ್ಯಾಬ್ ತಕರಾರು ಮಾಡದೆ ಹತ್ತು ರೋ ಮಾಡಿಬಿಡುತ್ತೆ. ನಡುವಿನ ಐದರಿಂದ ಒಂಬತ್ತರವರೆಗೆ ಸೊನ್ನೆ ತುಂಬುತ್ತೆ. ಅದು ಟೆಂಪರೇಚರ್ ಸೆನ್ಸರ್‌ನ ಡೇಟಾ ಆಗಿದ್ದರೆ? ಐದು ಸಲ ರೂಮು ಮಂಜುಗಡ್ಡೆ ಆದ ಹಾಗೆ ಆವರೇಜ್ ಇಳಿದುಹೋಗುತ್ತೆ. ಸೊನ್ನೆ ಅಂದರೆ ಡೇಟಾ ಇಲ್ಲ ಅಂತ ಅರ್ಥ ಅಲ್ಲವಲ್ಲ.

ನಂಪೈಯಲ್ಲಿ ಇದಕ್ಕೇ ಅಂತ ಫಂಕ್ಷನ್‌ಗಳಿವೆ: ಎನ್‌ಪಿ.ಡಿಲೀಟ್(ಎ, 1, ಆಕ್ಸಿಸ್=0) ಮತ್ತು ಎನ್‌ಪಿ.ಇನ್ಸರ್ಟ್(ಎ, 1, ಹೊಸದು, ಆಕ್ಸಿಸ್=0). ಆಕ್ಸಿಸ್ 0 ಅಂದರೆ ರೋ, 1 ಅಂದರೆ ಕಾಲಂ. ಇಲ್ಲಿ ಮೂರು ವಿಷಯ ಒಟ್ಟಿಗೇ ನೆನಪಿರಬೇಕು. ಲೆಕ್ಕ ಸೊನ್ನೆಯಿಂದ ಶುರು, ಹಾಗಾಗಿ ಆ 1 ಅಂದರೆ ಎರಡನೇ ರೋ. ಎರಡೂ ಫಂಕ್ಷನ್ ಹೊಸ ಅರೇ ಕೊಡ್ತವೆ, ಹಳೇ ಎ ಕದಲದೆ ಹಾಗೇ ಇರುತ್ತೆ; ಎ = ಅಂತ ಮುಂದೆ ಹಾಕದೇ ಇದ್ದರೆ ಮಾಡಿದ ಕೆಲಸ ಗಾಳಿಗೆ ಹೋಯ್ತು. ಮೂರನೆಯದು, ಆಕ್ಸಿಸ್ ಕೊಡೋದು ಮರೆತರೆ 3×4 ಮ್ಯಾಟ್ರಿಕ್ಸ್ ಚಪ್ಪಟೆಯಾಗಿ 11 ನಂಬರ್‌ಗಳ ಒಂದು ಗೆರೆ ಆಗಿ ಬರುತ್ತೆ. ಎನ್‌ಪಿ.ಅಪೆಂಡ್‌ಗೂ ಇದೇ ಚಾಳಿ.

ಆರ್ ಭಾಷೆಯಲ್ಲಿ ಎರಡನೇ ರೋ ಬಿಟ್ಟು ಉಳಿದದ್ದು ಬೇಕು ಅಂದರೆ ಎ[-2, ] ಅಂತಾರೆ. ಓದೋಕೆ ಚೆಂದ, ಮೈನಸ್ ಎರಡು ಅಂದರೆ ಎರಡನ್ನು ಕಳೆ ಅಂತ. ಆದರೆ ಅದೇ ಎ[-2, :] ಅನ್ನು ನಂಪೈಗೆ ಕೊಟ್ಟರೆ ಅದು ಕೊನೆಯಿಂದ ಎರಡನೇ ರೋವನ್ನು ಮಾತ್ರ ತಂದುಕೊಡುತ್ತೆ. ಒಂದು ಕಡೆ ಹೊರಗೆ ಹಾಕು, ಇನ್ನೊಂದು ಕಡೆ ಅದೊಂದನ್ನೇ ತಾ. ಡೇಟಾ ಸೈನ್ಸ್ ಎಲೆಕ್ಟಿವ್‌ನಲ್ಲಿ ಆರ್ ಬಳಸಿ, ಪ್ರಾಜೆಕ್ಟ್‌ಗೆ ಪೈಥಾನ್ ಬಳಸೋರು ಇದನ್ನು ಕೈ ಮೇಲೆ ಬರೆದುಕೊಂಡರೂ ತಪ್ಪಿಲ್ಲ. ಆರ್‌ನಲ್ಲಿ ಇನ್ನೊಂದು ಗುಣ ಇದೆ, ತೆಗೆದು ತೆಗೆದು ಒಂದೇ ರೋ ಉಳಿದರೆ ಅದು ಮ್ಯಾಟ್ರಿಕ್ಸ್ ಅನ್ನೋದನ್ನೇ ಮರೆತು ಬರೀ ವೆಕ್ಟರ್ ಆಗಿಬಿಡುತ್ತೆ. ಡ್ರಾಪ್=ಫಾಲ್ಸ್ ಅಂತ ಹೇಳಿದರೆ ಮ್ಯಾಟ್ರಿಕ್ಸ್ ಆಗೇ ಇರುತ್ತೆ.

ಇದುವರೆಗೆ ನೋಡಿದ್ದೆಲ್ಲ ನಂಬರ್ ಹೇಳಿ ತೆಗೆಯುವ ವಿಧಾನ. ಅದರ ದೊಡ್ಡ ತೊಂದರೆ ಅಂದರೆ ಒಂದು ತೆಗೆದ ಕ್ಷಣ ಉಳಿದವರ ನಂಬರೆಲ್ಲ ಬದಲಾಗುತ್ತೆ. ಮೂರನೇ ಮತ್ತು ನಾಲ್ಕನೇ ರೋ ಬೇಡ ಅಂತ ಇಟ್ಟುಕೊಳ್ಳಿ. ಎ(3, :) = [ ] ಮಾಡಿ, ಮುಂದಿನ ಸಾಲಿನಲ್ಲಿ ಎ(4, :) = [ ] ಮಾಡಿದರೆ ಹೋಗೋದು ಮೊದಲಿನ ಮೂರನೆಯದು ಮತ್ತು ಐದನೆಯದು. ನಾಲ್ಕನೆಯದು ಮೂರಕ್ಕೆ ಇಳಿದು ಆರಾಮಾಗಿ ಕೂತಿರುತ್ತೆ. ಸಿಟಿ ಬಸ್ಸಲ್ಲಿ ಮುಂದಿನ ಸೀಟು ಖಾಲಿ ಆದ ತಕ್ಷಣ ಹಿಂದಿನವರು ಸರಿದು ಕೂರ್ತಾರಲ್ಲ, ಹಾಗೆ. ಎ([3 4], :) = [ ] ಅಂತ ಒಟ್ಟಿಗೇ ಹೇಳಿದರೆ ಈ ಸಮಸ್ಯೆ ಇಲ್ಲ. ಇಲ್ಲಾಂದ್ರೆ ದೊಡ್ಡ ನಂಬರ್‌ನಿಂದ ಚಿಕ್ಕದಕ್ಕೆ, ಹಿಂದಿನಿಂದ ಮುಂದಕ್ಕೆ ಬರಬೇಕು. ನಂಪೈಯ ಡಿಲೀಟ್, ಇನ್ಸರ್ಟ್‌ಗಳಿಗೂ ನಂಬರ್‌ಗಳ ಪಟ್ಟಿ ಕೊಡಬಹುದು, ಆಗ ಎಲ್ಲ ನಂಬರ್‌ಗಳೂ ಬದಲಾವಣೆಗೆ ಮುಂಚಿನ ಅರೇಯ ನಂಬರ್‌ಗಳು ಅಂತಲೇ ಅವು ತಿಳಿದುಕೊಳ್ತವೆ.

ಈ ನಂಬರ್ ಗೊಂದಲಕ್ಕೆ ಬುಡದಿಂದಲೇ ಮದ್ದು ಕೊಟ್ಟವರು ಕೆನೆತ್ ಐವರ್ಸನ್. ಕೆನಡಾದಲ್ಲಿ ಹುಟ್ಟಿ, ಹಾರ್ವರ್ಡ್‌ನಲ್ಲಿ ಪಾಠ ಮಾಡಿ, ಆಮೇಲೆ ಐಬಿಎಂ ಸೇರಿದವರು. ಗಣಿತ ಬರೆಯೋಕೆ ಒಂದು ಹೊಸ ಸಂಕೇತ ಪದ್ಧತಿ ಮಾಡಿ 1962ರಲ್ಲಿ ಒಂದು ಪುಸ್ತಕ ತಂದರು. ಆ ಪುಸ್ತಕದ ಹೆಸರು ಎ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್, ಅದರ ಮೊದಲ ಅಕ್ಷರಗಳೇ ಎಪಿಎಲ್. ಭಾಷೆ ಕಂಪ್ಯೂಟರ್ ಮೇಲೆ ಓಡಿದ್ದು ಆಮೇಲೆ. 1979ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಆರೇ ಭಾಷೆಗಳ ಅಜ್ಜ ಅಂತ ಎಪಿಎಲ್‌ಗೆ ಹೇಳಬಹುದು. ನೋಡೋಕೆ ಮಾತ್ರ ಬೇರೆ ಗ್ರಹದ ಲಿಪಿ ಥರ ಇರುತ್ತೆ, ಅದಕ್ಕೆ ಹೆದರಬೇಡಿ, ನಮಗೆ ಬೇಕಾಗಿರೋದು ಐದೇ ಚಿಹ್ನೆ.

ಐವರ್ಸನ್ ಯೋಚನೆ ಇದು: ಯಾವ ರೋ ತೆಗೆಯಬೇಕು ಅಂತ ನಂಬರ್ ಹೇಳಬೇಡಿ, ಎಲ್ಲ ರೋಗಳಿಗೂ ಹಾಜರಿ ಹಾಕಿ. ಇರಬೇಕಾದ್ದಕ್ಕೆ 1, ಬೇಡದ್ದಕ್ಕೆ 0. ಎಂ ಅನ್ನೋ 3×4 ಮ್ಯಾಟ್ರಿಕ್ಸ್ ಹೀಗಿದೆ ಅಂದುಕೊಳ್ಳಿ:

1 2 3 4
5 6 7 8
9 10 11 12

1 0 1 ⌿ ಎಂ ಅಂದರೆ ಮೊದಲ ಮತ್ತು ಮೂರನೇ ರೋ ಉಳೀತವೆ. 1 1 0 1 / ಎಂ ಅಂದರೆ ಮೂರನೇ ಕಾಲಂ ಹೋಗುತ್ತೆ. ಬರೀ ಓರೆಗೆರೆ ಕಾಲಂಗಳಿಗೆ, ಅದರ ಮೇಲೆ ಒಂದು ಅಡ್ಡಗೆರೆ ಇದ್ದರೆ ಅಡ್ಡಸಾಲಿಗೆ ಅಂತ ನೆನಪಿಡಬಹುದು. ಕನ್ನಡದ ಪದ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂತು! ಈ ಕೆಲಸಕ್ಕೆ ಕಂಪ್ರೆಸ್ ಅಂತ ಹೆಸರು.

ಇದರ ಜೋಡಿ ಎಕ್ಸ್‌ಪ್ಯಾಂಡ್. ಓರೆಗೆರೆ ಆ ಕಡೆ ವಾಲುತ್ತೆ. 1 0 1 1 ⍀ ಎಂ ಅಂದರೆ ನಾಲ್ಕು ರೋಗಳ ಹೊಸ ಮ್ಯಾಟ್ರಿಕ್ಸ್ ಬರುತ್ತೆ. ಎಲ್ಲೆಲ್ಲಿ 1 ಇದೆಯೋ ಅಲ್ಲಿ ಹಳೇ ರೋಗಳು ಕ್ರಮವಾಗಿ ಬಂದು ಕೂರ್ತವೆ, 0 ಇರೋ ಕಡೆ ಸೊನ್ನೆಗಳ ಖಾಲಿ ರೋ:

1 2 3 4
0 0 0 0
5 6 7 8
9 10 11 12

ಅಕ್ಷರಗಳ ಅರೇ ಆಗಿದ್ದರೆ ಸೊನ್ನೆ ಬದಲು ಖಾಲಿ ಜಾಗ ಬರುತ್ತೆ. ಕಾಲಂಗೆ ಇದೇ ಕೆಲಸ ಮಾಡೋದು ಬರೀ \. ನಮಗೆ ಇದರಲ್ಲಿ ಇಷ್ಟವಾಗಿದ್ದು, ತೆಗೆಯೋದಕ್ಕೂ ಸೇರಿಸೋದಕ್ಕೂ ಒಂದೇ ಥರದ ಪಟ್ಟಿ ಸಾಕು. ಯಾವ ಹಾಜರಿ ಪಟ್ಟಿ ಹಿಡಿದು ರೋ ತೆಗೆದಿರೋ, ಅದೇ ಪಟ್ಟಿಯನ್ನು ಎಕ್ಸ್‌ಪ್ಯಾಂಡ್‌ಗೆ ಕೊಟ್ಟರೆ ಉಳಿದವರು ತಮ್ಮ ತಮ್ಮ ಹಳೇ ಜಾಗಕ್ಕೇ ವಾಪಸ್ ಹೋಗ್ತಾರೆ. ತೆಗೆದದ್ದರ ಜಾಗ ಖಾಲಿ ಇರುತ್ತೆ. ಈ ಮಾತು ಸ್ಪ್ರಿಂಗ್ ಲೆಕ್ಕದಲ್ಲಿ ಕೆಲಸಕ್ಕೆ ಬರುತ್ತೆ.

ಐವರ್ಸನ್ ಮತ್ತು ರಾಜರ್ ಹೂಯಿ ಸೇರಿ ಆಮೇಲೆ ಮಾಡಿದ ಜೆ ಭಾಷೆಯಲ್ಲಿ ವಿಚಿತ್ರ ಚಿಹ್ನೆಗಳಿಲ್ಲ, ಮಾಮೂಲಿ ಕೀಬೋರ್ಡ್ ಸಾಕು. ಅಲ್ಲಿ 1 0 1 # ಎಂ. ನಂಬರ್ ಹೇಳಿಯೇ ಒಂದು ರೋ ಬಿಡಬೇಕು ಅಂತ ಹಟ ಹಿಡಿದರೆ (<<<1) { ಎಂ ಅಂತ ಮೂರು ಡಬ್ಬಿಯೊಳಗೆ ನಂಬರ್ ತುಂಬಿ ಕೊಡಬೇಕು. ಮೂರು ಯಾಕೆ ಅನ್ನೋದಕ್ಕೆ ಕಾರಣ ಇದೆ, ಕೇಳೋ ತಾಳ್ಮೆ ಇರೋರು ಕ್ಯಾಂಟೀನ್‌ನಲ್ಲಿ ಸಿಗಿ.

ಹಾಜರಿ ಪಟ್ಟಿ ನಂಪೈ, ಮ್ಯಾಟ್‌ಲ್ಯಾಬ್‌ಗಳಲ್ಲೂ ಇದೆ, ಅಲ್ಲಿ ಅದಕ್ಕೆ ಮಾಸ್ಕ್ ಅಂತಾರೆ. ಎ[ಮಾಸ್ಕ್] ಅಂದರೆ ಟ್ರೂ ಇರೋ ರೋಗಳು ಉಳೀತವೆ. ಆದರೆ ಎಪಿಎಲ್ ಅಭ್ಯಾಸದಲ್ಲಿ ನಂಪೈಗೆ [0, 1, 1] ಅಂತ ಪೂರ್ಣಾಂಕಗಳನ್ನು ಕೊಟ್ಟರೆ ಅದು ಇವನ್ನು ರೋ ನಂಬರ್ ಅಂತ ತಿಳಿದು ಸೊನ್ನೆಯ ರೋ, ಒಂದರ ರೋ, ಮತ್ತೆ ಒಂದರ ರೋ ತಂದು ಇಡುತ್ತೆ. ಮೂರು ರೋ ಕೇಳಿದಿರಿ, ಮೂರು ಬಂತು, ಎರರ್ ಯಾಕೆ ಬರಬೇಕು? ಮ್ಯಾಟ್‌ಲ್ಯಾಬ್ ಈ ವಿಷಯದಲ್ಲಿ ವಾಸಿ. ಅಲ್ಲಿ ಸೊನ್ನೆಯ ರೋ ಅನ್ನೋದೇ ಇಲ್ಲದ ಕಾರಣ ಕೂಗಿಕೊಳ್ಳುತ್ತೆ. ಎರಡು ಕಡೆಯೂ ಪಟ್ಟಿ ಬೂಲಿಯನ್ ಆಗಿರಬೇಕು.

ಈಗ ಆ ಸ್ಪ್ರಿಂಗ್‌ಗಳು. ಸಿವಿಲ್, ಮೆಕ್ಯಾನಿಕಲ್‌ನವರಿಗೆ ಇದು ಮುಂದೆ ಸ್ಟಿಫ್‌ನೆಸ್ ಮ್ಯಾಟ್ರಿಕ್ಸ್ ಅಂತ ಬರುತ್ತೆ. ಇಲೆಕ್ಟ್ರಿಕಲ್‌ನವರಿಗೆ ನೆಟ್‌ವರ್ಕ್‌ನಲ್ಲಿ ರೆಫರೆನ್ಸ್ ನೋಡ್ ತೆಗೆಯುವಾಗ ಇದೇ ಕೆಲಸ. ಕಂಪ್ಯೂಟರ್ ಸೈನ್ಸ್‌ನವರು ಗ್ರಾಫ್‌ನಿಂದ ಒಂದು ವರ್ಟೆಕ್ಸ್ ಕಿತ್ತರೆ ಅಡ್ಜೇಸೆನ್ಸಿ ಮ್ಯಾಟ್ರಿಕ್ಸ್‌ನಲ್ಲಿ ಅದರ ರೋ, ಕಾಲಂ ಎರಡೂ ಹೋಗಬೇಕು. ಪಿಯುಸಿಯಲ್ಲಿ ಮೈನರ್ ಕಂಡುಹಿಡಿಯೋಕೆ ಪೆನ್ಸಿಲ್‌ನಲ್ಲಿ ಒಂದು ಅಡ್ಡ, ಒಂದು ಉದ್ದ ಗೆರೆ ಎಳೀತಿದ್ದೆವಲ್ಲ, ಅದೂ ಇದೇ.

ಗೋಡೆಗೆ ಒಂದು ಸ್ಪ್ರಿಂಗ್, ಅದರ ತುದಿಗೆ ಇನ್ನೊಂದು ಸ್ಪ್ರಿಂಗ್. ಗೋಡೆ ನೋಡ್ 1, ನಡುವಿನ ಗಂಟು ನೋಡ್ 2, ತುದಿ ನೋಡ್ 3. ಮೊದಲ ಸ್ಪ್ರಿಂಗ್‌ನ ಬಿಗಿತ ಮೀಟರ್‌ಗೆ 100 ನ್ಯೂಟನ್, ಎರಡನೆಯದು 200. ಮೂರೂ ನೋಡ್‌ಗಳ ಕೆ ಮ್ಯಾಟ್ರಿಕ್ಸ್:

100 -100 0
-100 300 -200
0 -200 200

ತುದಿಯನ್ನು 10 ನ್ಯೂಟನ್ ಬಲದಿಂದ ಎಳೀತೀವಿ. ಯಾವ ನೋಡ್ ಎಷ್ಟು ಸರಿಯುತ್ತೆ? ಈ ಕೆ ಇಟ್ಟುಕೊಂಡು ನೇರವಾಗಿ ಬಿಡಿಸೋಕೆ ಆಗಲ್ಲ, ಇದರ ಡಿಟರ್ಮಿನೆಂಟ್ ಸೊನ್ನೆ. ಗೋಡೆ ಅಲುಗಾಡಲ್ಲ ಅಂತ ನಾವು ಇನ್ನೂ ಹೇಳಿಲ್ಲವಲ್ಲ, ಇಡೀ ಸರಪಳಿ ಗಾಳಿಯಲ್ಲಿ ತೇಲಿಕೊಂಡಿದೆ. ನೋಡ್ 1 ಸ್ಥಿರ ಅಂತ ಹೇಳೋ ಪದ್ಧತಿ, ಅದರ ರೋ ಮತ್ತು ಕಾಲಂ ಎರಡನ್ನೂ ತೆಗೆಯೋದು. ಉಳಿಯೋದು:

300 -200
-200 200

ಡಿಟರ್ಮಿನೆಂಟ್ 20000. ಬಿಡಿಸಿದರೆ ನೋಡ್ 2 ಸರಿಯೋದು 0.1 ಮೀಟರ್, ನೋಡ್ 3 ಸರಿಯೋದು 0.15 ಮೀಟರ್. ಕೈಲಿ ನೋಡಿದರೂ ಸರಿ ಇದೆ: 10/100, ಅದಕ್ಕೆ 10/200 ಕೂಡಿಸಿ.

ಈಗ ಪುಸ್ತಕದಲ್ಲಿ ನೋಡ್ 1 ತೆಗೆಯಿರಿ ಅಂತ ಇರೋದನ್ನು ಹಾಗೇ ನಂಪೈಗೆ ಕೊಡಿ: ಎನ್‌ಪಿ.ಡಿಲೀಟ್(ಕೆ, 1, ಆಕ್ಸಿಸ್=0), ಮತ್ತೆ ಆಕ್ಸಿಸ್=1. ನಂಪೈ ಲೆಕ್ಕದಲ್ಲಿ 1 ಅಂದರೆ ಎರಡನೆಯದು. ನೋಡ್ 2 ಹೋಯ್ತು. ಉಳಿದದ್ದು 100 0, 0 200. ಇದಕ್ಕೂ ಡಿಟರ್ಮಿನೆಂಟ್ 20000, ಚೆನ್ನಾಗಿಯೇ ಬಿಡಿಸಬಹುದು. ತುದಿ ಸರಿಯೋದು 0.05 ಮೀಟರ್ ಅಂತ ಉತ್ತರ ಬರುತ್ತೆ. ನಡುವಿನ ಗಂಟನ್ನೇ ಗೋಡೆಗೆ ಮೊಳೆ ಹೊಡೆದ ಹಾಗೆ ಲೆಕ್ಕ ಆಗಿದೆ, ನಿಜದ ಮೂರನೇ ಒಂದು ಭಾಗ ಮಾತ್ರ ಬಂದಿದೆ. ಸ್ಪ್ರಿಂಗ್ ಆದ್ದರಿಂದ ಹೋಗಲಿ ಅನ್ನಬಹುದು. ಅದೇ ಒಂದು ತೊಲೆ ಎಷ್ಟು ಬಾಗುತ್ತೆ ಅನ್ನೋ ಲೆಕ್ಕ ಆಗಿದ್ದರೆ?

ಹಾಜರಿ ಪಟ್ಟಿಯಲ್ಲಿ ಈ ಗೊಂದಲಕ್ಕೆ ಜಾಗ ಕಡಿಮೆ. ಪಟ್ಟಿಯ ಹೆಸರು ಉಳಿ ಅಂತ ಇಡೋಣ. ಉಳಿಯೋದನ್ನು ಹೇಳೋ ಪಟ್ಟಿ ಅದು, ಬೇಡದ್ದನ್ನು ಕೆತ್ತಿ ತೆಗೆಯೋ ಉಳಿಯೂ ಹೌದು. ಉಳಿ ಅಂದರೆ 0 1 1. ಮೊದಲನೆಯದು ಗೋಡೆ, ಮಿಕ್ಕ ಎರಡು ಬಿಡಿ. ಲೆಕ್ಕ ಸೊನ್ನೆಯಿಂದ ಶುರುವಾದರೂ ಒಂದರಿಂದ ಶುರುವಾದರೂ ಈ ಪಟ್ಟಿ ಬದಲಾಗಲ್ಲ. ಎಪಿಎಲ್‌ನಲ್ಲಿ ಇಡೀ ಲೆಕ್ಕ ಒಂದೇ ಸಾಲು:

ಉಳಿ \ (ಉಳಿ / ಬಲ) ⌹ ಉಳಿ / ಉಳಿ ⌿ ಕೆ

ಬಲದಿಂದ ಎಡಕ್ಕೆ ಓದಬೇಕು. ಕೆ ಯಿಂದ ಬೇಡದ ರೋ ತೆಗಿ, ಬೇಡದ ಕಾಲಂ ತೆಗಿ, ಬಲದ ಪಟ್ಟಿಯಿಂದಲೂ ಅದನ್ನೇ ತೆಗಿ, ಸಮೀಕರಣ ಬಿಡಿಸು (ಅದೇ ಆ ಡಾಮಿನೋ ಥರದ ಚಿಹ್ನೆ), ಬಂದ ಎರಡು ಉತ್ತರವನ್ನು ಅವರವರ ಜಾಗಕ್ಕೆ ಕೂರಿಸು. ಕೊನೆಗೆ ಸಿಗೋದು 0 0.1 0.15. ಗೋಡೆಯ ಸೊನ್ನೆ ತಾನಾಗಿಯೇ ಮೊದಲ ಜಾಗಕ್ಕೆ ಬಂತು. ಎಪಿಎಲ್ ಎಕ್ಸ್‌ಪ್ಯಾಂಡ್ ಸೊನ್ನೆ ತುಂಬೋದು ಇಲ್ಲಿ ಭೌತಶಾಸ್ತ್ರಕ್ಕೂ ಸರಿ ಹೊಂದುತ್ತೆ, ಗೋಡೆ ಸರಿದದ್ದು ನಿಜವಾಗ್ಲೂ ಸೊನ್ನೆ. ಮೊದಲು ಹೇಳಿದ ಟೆಂಪರೇಚರ್ ಡೇಟಾದ ಸೊನ್ನೆಗೂ ಇದಕ್ಕೂ ಇರೋ ವ್ಯತ್ಯಾಸ ಇದು.

ಮ್ಯಾಟ್‌ಲ್ಯಾಬ್‌ನಲ್ಲಿ ಮೊದಲು ಯು ಅನ್ನು ಮೂರು ಸೊನ್ನೆಗಳ ಕಾಲಂ ಮಾಡಿ, ಆಮೇಲೆ ಯು(ಉಳಿ) = ಕೆ(ಉಳಿ, ಉಳಿ) \ ಬಲ(ಉಳಿ). ಇಲ್ಲಿ \ ಅಂದರೆ ಬಿಡಿಸು ಅಂತ, ಎಪಿಎಲ್‌ನಲ್ಲಿ ಅದೇ ಚಿಹ್ನೆ ಎಕ್ಸ್‌ಪ್ಯಾಂಡ್. ನಂಪೈಯಲ್ಲೂ ಇದೇ ನಡೆ, ಆದರೆ ಕೆ[ಉಳಿ, ಉಳಿ] ಅಂತ ಬರೆದರೆ 2×2 ಮ್ಯಾಟ್ರಿಕ್ಸ್ ಸಿಗಲ್ಲ. ನಂಪೈ ಎರಡು ಪಟ್ಟಿಗಳನ್ನು ಜೋಡಿ ಮಾಡಿ ಕರ್ಣದ ಮೇಲಿನ 300, 200 ಎರಡನ್ನು ಮಾತ್ರ ಕೊಡುತ್ತೆ. ಚೌಕವೇ ಬೇಕು ಅಂದರೆ ಕೆ[ಎನ್‌ಪಿ.ಐಎಕ್ಸ್_(ಉಳಿ, ಉಳಿ)].

ಸೇರಿಸೋದನ್ನೂ ಇಲ್ಲೇ ನೋಡಿಬಿಡೋಣ. ತುದಿಗೆ ಮೂರನೇ ಸ್ಪ್ರಿಂಗ್ ಕಟ್ಟಬೇಕು, ಬಿಗಿತ 50, ಹೊಸ ನೋಡ್ 4. ಕೆ ಗೆ ಒಂದು ರೋ, ಒಂದು ಕಾಲಂ ಬೇಕು. ಎಪಿಎಲ್‌ನಲ್ಲಿ 1 1 1 0 ⍀ 1 1 1 0 \ ಕೆ. ನಂಪೈಯಲ್ಲಿ 4×4 ಸೊನ್ನೆಗಳ ಹಾಲ್ ಮಾಡಿ, ಐಎಕ್ಸ್_ ಹಿಡಿದು ಹಳೇ ಕೆ ಅನ್ನು ಅದರಲ್ಲಿ ಕೂರಿಸಿ. ಆಮೇಲೆ 3, 4ನೇ ನೋಡ್‌ಗಳ ನಾಲ್ಕು ಮನೆಗೆ ಹೊಸ ಸ್ಪ್ರಿಂಗ್‌ನ 50, -50, -50, 50 ಕೂಡಿಸಿ:

100 -100 0 0
-100 300 -200 0
0 -200 250 -50
0 0 -50 50

ಸರಿಯಾಯ್ತಾ ಅಂತ ತಿಳಿಯೋಕೆ ಒಂದು ಸಣ್ಣ ಪರೀಕ್ಷೆ: ಗೋಡೆ ತೆಗೆಯೋ ಮುಂಚಿನ ಕೆ ಯಲ್ಲಿ ಪ್ರತಿ ರೋ ಕೂಡಿಸಿದರೆ ಸೊನ್ನೆ ಬರಬೇಕು. ಹೊಸ ರೋ ತಪ್ಪು ಜಾಗದಲ್ಲಿ ಕೂತು ಸ್ಪ್ರಿಂಗ್ ಬೇರೆ ಮನೆಗೆ ಬಿದ್ದರೆ ಎಷ್ಟೋ ಸಲ ಇಲ್ಲೇ ಸಿಕ್ಕಿಬೀಳುತ್ತೆ.

ಮ್ಯಾಟ್ರಿಕ್ಸ್ ಒಂದೇ ಇದ್ದಾಗ ಇಷ್ಟು ಕಷ್ಟ. ಎರಡು ಅರೇ ಜೊತೆಜೊತೆಗೆ ಹೋಗಬೇಕಾದಾಗ ಇನ್ನೂ ಜಾಸ್ತಿ. ಒಂದರಲ್ಲಿ ಯುಎಸ್‌ಎನ್, ಇನ್ನೊಂದರಲ್ಲಿ ಮಾರ್ಕ್ಸ್ ಇದೆ ಅಂದುಕೊಳ್ಳಿ. ಒಂದರಿಂದ ಹತ್ತನೇ ರೋ, ಇನ್ನೊಂದರಿಂದ ಹನ್ನೊಂದನೇ ರೋ ಹೋದರೂ ಉದ್ದ ಸಮನಾಗೇ ಇರುತ್ತೆ, ಯಾವ ಭಾಷೆಯೂ ದೂರು ಹೇಳಲ್ಲ. ನಡುವೆ ಒಬ್ಬರಿಗೆ ಇನ್ನೊಬ್ಬರ ಮಾರ್ಕ್ಸ್ ಹೋಗಿರುತ್ತೆ. ಎರಡು ಸಲ ಡಿಲೀಟ್ ಬರೆಯೋ ಬದಲು ಒಂದೇ ಮಾಸ್ಕ್ ಮಾಡಿ ಎರಡಕ್ಕೂ ಹಾಕಿದರೆ ಈ ಅನ್ಯಾಯ ಆಗೋಕೆ ಸಾಧ್ಯ ಇಲ್ಲ. ಮಷೀನ್ ಲರ್ನಿಂಗ್ ಪ್ರಾಜೆಕ್ಟ್‌ಗಳ ಎಕ್ಸ್, ವೈ ಜೋಡಿಗೂ ಇದೇ ಮಾತು.

ವೇಗದ ವಿಷಯ ಬೇಗ ಹೇಳಿಬಿಡ್ತೀವಿ. ಲೂಪ್ ಒಳಗೆ ಒಂದೊಂದೇ ರೋ ಅಪೆಂಡ್ ಮಾಡುತ್ತಾ 10,000 ರೋ ಬೆಳೆಸಿದರೆ, ಪ್ರತಿ ಸಲ ಪೂರ್ತಿ ಪಂಕ್ತಿ ಹೊಸ ಹಾಲ್‌ಗೆ ಹೋಗುತ್ತೆ. ಒಟ್ಟು ಸುಮಾರು 5 ಕೋಟಿ ರೋ ಕಾಪಿ. ರೋಗೆ 8 ಕಾಲಂ, ಪ್ರತಿ ನಂಬರ್‌ಗೆ 8 ಬೈಟ್ ಅಂತ ಇಟ್ಟುಕೊಂಡರೂ 3.2 ಜಿಬಿಯಷ್ಟು ಓಡಾಟ, ಕೊನೆಗೆ ಕೈಗೆ ಸಿಗೋ ಮ್ಯಾಟ್ರಿಕ್ಸ್ ಒಂದು ಎಂಬಿಯೂ ಇಲ್ಲ! ಎಷ್ಟು ರೋ ಬರುತ್ತೆ ಅಂತ ಗೊತ್ತಿದ್ದರೆ ಮೊದಲೇ ಅಷ್ಟು ಸೊನ್ನೆಗಳ ಮ್ಯಾಟ್ರಿಕ್ಸ್ ಮಾಡಿ ತುಂಬಿಕೊಂಡು ಹೋಗಿ. ಗೊತ್ತಿಲ್ಲದಿದ್ದರೆ ಪೈಥಾನ್ ಲಿಸ್ಟ್‌ನಲ್ಲಿ ಸೇರಿಸಿಟ್ಟು ಕೊನೆಗೆ ಒಂದೇ ಸಲ ಎನ್‌ಪಿ.ವಿಸ್ಟ್ಯಾಕ್ ಮಾಡಿ. ಮ್ಯಾಟ್‌ಲ್ಯಾಬ್‌ನ ಎಡಿಟರ್ ಇಂಥ ಲೂಪ್ ಕೆಳಗೆ ಬಣ್ಣದ ಗೆರೆ ಎಳೆದು ಎಚ್ಚರಿಸುತ್ತೆ, ಅದನ್ನು ಓದದೇ ರನ್ ಒತ್ತೋರೇ ಜಾಸ್ತಿ.

ಇನ್ನೊಂದೇ ವಿಷಯ ಉಳೀತು. ಗೋಡೆಯ ರೋ ತೆಗೆದೆವಲ್ಲ, ಅದನ್ನು ಎಸೆಯಬೇಡಿ. ಕೆ = ಎನ್‌ಪಿ.ಡಿಲೀಟ್(ಕೆ, ...) ಅಂತ ಹಳೇ ಹೆಸರಿನ ಮೇಲೇ ಬರೆದರೆ ಅದು ಹೋಗಿಬಿಡುತ್ತೆ. ಮಾಸ್ಕ್ ಬಳಸಿದರೆ ಪೂರ್ತಿ ಕೆ ಹಾಗೇ ಇರುತ್ತೆ. ಆಗ ಅದರ ಮೊದಲ ರೋವನ್ನು ಉತ್ತರದ ಜೊತೆ ಗುಣಿಸಿ: 100×0 - 100×0.1 + 0×0.15 = -10. ಇದು ಗೋಡೆ ಸ್ಪ್ರಿಂಗನ್ನು ಹಿಡಿದಿರೋ ಬಲ. ನಾವು 10 ಎಳೆದೆವು, ಗೋಡೆ ಹಿಂದಕ್ಕೆ 10 ಎಳೀತು.

ಸ್ವತಃ ಮಾಡಿ ನೋಡೋಕೆ ಒಂದು ಲೆಕ್ಕ. ಮೊದಲಿನ ಎರಡು ಸ್ಪ್ರಿಂಗ್‌ಗಳೇ ಇರಲಿ, ಈ ಸಲ ಎರಡೂ ಕಡೆ ಗೋಡೆ, 10 ನ್ಯೂಟನ್ ನಡುವಿನ ನೋಡ್ 2ಕ್ಕೆ. ಉಳಿ ಈಗ 0 1 0. ನೋಡ್ 2 ಸುಮಾರು 0.033 ಮೀಟರ್ ಸರಿಯಬೇಕು, ಎಡ ಗೋಡೆಯ ಬಲ -3.33, ಬಲ ಗೋಡೆಯದು -6.67 ಬರಬೇಕು. ಬೇರೆ ಏನಾದರೂ ಬಂದರೆ ಮೊದಲು ಮಾಸ್ಕ್ ಬೂಲಿಯನ್ ಆಗಿದೆಯಾ ಅಂತ ನೋಡಿ.